ಸಿದ್ಧತೆಯಲ್ಲಿ ಸಿದ್ಧಹಸ್ತರು

ಮಾತಿಗೆ ಅಂಜುವವರನ್ನು ಜನ ಸಿದ್ಧತೆಯಿಲ್ಲದವರು ಎಂದುಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ಅಪವಾದ ಇನ್ನೊಂದಿಲ್ಲ. ನಮ್ಮಷ್ಟು ತಯಾರಿ ನಡೆಸುವವರು ಐಎಎಸ್ ಪರೀಕ್ಷೆಗೆ ಕೂರುವವರಲ್ಲೂ ಸಿಗಲಿಕ್ಕಿಲ್ಲ. ಗ್ಯಾಸ್ ಸಿಲಿಂಡರ್ ಬರಲಿಲ್ಲವೆಂದು ಫೋನ್ ಮಾಡಬೇಕಿದ್ದರೆ ಮೊದಲು ಚೀಟಿಯಲ್ಲಿ ಸಂಭಾಷಣೆ ಬರೆದುಕೊಳ್ಳುತ್ತೇವೆ. ಅವರು ಹೀಗೆಂದರೆ ನಾವು ಹಾಗೆ, ಹಾಗೆಂದರೆ ಹೀಗೆ. ಅತ್ತಲಿಂದ ಚೀಟಿಯಲ್ಲಿಲ್ಲದ ಪ್ರಶ್ನೆ ಬಂತೋ, ಕೆಟ್ಟಿತು. ಸಿಟಿ ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಹಿಂದೆ ಗೀಚಿಕೊಟ್ಟ ಚಿಲ್ಲರೆಯನ್ನು ಕೇಳುವುದು ಹೇಗೆಂದು ಮೆಜೆಸ್ಟಿಕ್ಕಿನಿಂದ ಜಯನಗರದವರೆಗೂ ಮನಸ್ಸಿನಲ್ಲೇ ವಾಕ್ಯ ತಿದ್ದುತ್ತೇವೆ. ಇಳಿಯುವ ಹೊತ್ತಿಗೆ ವಾಕ್ಯ ವ್ಯಾಕರಣಶುದ್ಧವಾಗಿರುತ್ತದೆ. ಚಿಲ್ಲರೆ ಮಾತ್ರ ಬಸ್ಸಿನಲ್ಲೇ ಮುಂದಕ್ಕೆ ಹೋಗಿರುತ್ತದೆ.

ಇಂಥ ನಾನು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂಬ ಮನೋಚಿಕಿತ್ಸೆಗೆ ಹೋಗುವುದೆಂದು ನಿಶ್ಚಯಿಸಿದಾಗ ಸೋದರತ್ತೆಗೆ ಆಶ್ಚರ್ಯವೋ ಆಶ್ಚರ್ಯ. "ಅಲ್ವೋ, ನಾಲ್ಕು ಜನರ ಹತ್ರ ಮಾತಾಡೋಕೆ ದುಡ್ಡು ಕೊಟ್ಟು ಕಲೀಬೇಕೇನೋ? ಈ ಸಲ ಮದುವೆ ಸೀಸನ್ನಲ್ಲಿ ನನ್ನ ಜೊತೆ ಓಡಾಡು, ಬಿಟ್ಟಿ ಕಲಿಸ್ತೀನಿ" ಎಂದರು. ಅತ್ತೆಯ ಪದ್ಧತಿಗೂ ತಜ್ಞರ ಪದ್ಧತಿಗೂ ಅಂಥ ದೂರವೇನಿಲ್ಲ ಎಂದು ಆಮೇಲೆ ತಿಳಿಯಿತು. ಭಯಪಡುವ ಜಾಗಕ್ಕೆ ಹೋಗಲೇಬೇಕೆಂಬುದು ಇಬ್ಬರ ಮತವೂ ಹೌದು. ಅತ್ತೆ ಈಜು ಕಲಿಸಲು ಬಾವಿಗೇ ನೂಕುವವರು. ತಜ್ಞರು ಕೈಹಿಡಿದು ಒಂದೊಂದೇ ಮೆಟ್ಟಿಲು ಇಳಿಸುವವರು.

ತಜ್ಞರನ್ನು ಕಾಣಬೇಕಾದರೆ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಬೇಕು. ಫೋನಿನ ಭಯಕ್ಕೆ ಮದ್ದು ಫೋನಿನ ಆಚೆ ತುದಿಯಲ್ಲಿ! ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಕಥೆಯೂ ಅದೇ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮನಸ್ಸು ಬಿಚ್ಚಿ ಮಾತಾಡಬಹುದು. ಕರೆ ಮಾಡಬೇಕು, ಅಷ್ಟೇ.

ಅಂತೂ ದಿನ ಗೊತ್ತಾಯಿತು. ಅಲ್ಲಿಂದ ನನ್ನ ತಯಾರಿ. ಬಾಲ್ಯದಿಂದ ಇಂದಿನವರೆಗಿನ ಸಂಕಟಗಳನ್ನು ಅಧ್ಯಾಯವಾರು ಬರೆದೆ. ತೀರ ಹೆದರಿದವನಂತೆ ಕಂಡರೆ ತಜ್ಞೆ ಮೇಡಂ ಏನಂದುಕೊಂಡಾರು, ಹೆದರದವನಂತೆ ಕಂಡರೆ ಇವನಿಗೇನು ಕಾಯಿಲೆ ಅಂದಾರು ಎಂದು ಎರಡರ ನಡುವಿನ ಮುಖಭಾವವೊಂದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ರೋಗಿಯಾಗಿಯಾದರೂ ಒಳ್ಳೆಯ ಹೆಸರು ಬರಲಿ ಎಂಬ ಆಸೆ.

ಅಲ್ಲಿ ಮೊದಲು ಕೈಗೆ ಬಂದದ್ದು ಒಂದು ಪ್ರಶ್ನಾವಳಿ. ನ್ಯೂಯಾರ್ಕಿನ ಮನೋವೈದ್ಯ ಮೈಕಲ್ ಲೀಬೊವಿಟ್ಸ್ 1987ರಲ್ಲಿ ಪ್ರಕಟಿಸಿದ್ದು. 24 ಸಂದರ್ಭಗಳು, ಪ್ರತಿಯೊಂದಕ್ಕೂ ಭಯವೆಷ್ಟು, ತಪ್ಪಿಸಿಕೊಳ್ಳುವುದೆಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟುಕೊಳ್ಳಬೇಕು. ಆಗಲೇ ಎಲ್ಲರೂ ಕೂತಿರುವ ಕೋಣೆಗೆ ಕಾಲಿಡುವುದು, ಕೊಂಡ ಸಾಮಾನನ್ನು ಅಂಗಡಿಗೆ ವಾಪಸು ಕೊಡುವುದು, ಪರರೆದುರು ಉಣ್ಣುವುದು, ಸಾರ್ವಜನಿಕ ಶೌಚಾಲಯ... ನನ್ನೊಬ್ಬನ ಗುಟ್ಟುಗಳೆಂದುಕೊಂಡದ್ದನ್ನೆಲ್ಲ ಆ ಪುಣ್ಯಾತ್ಮ ಅಲ್ಲಿ ಕೂತು ಪಟ್ಟಿ ಮಾಡಿದ್ದಾನೆ! ನಮ್ಮ ಕಡೆಗೆಂದು ಇನ್ನಷ್ಟು ಸೇರಿಸಬಹುದಿತ್ತು: ಪಂಕ್ತಿಯಲ್ಲಿ ಕೂತು ಇನ್ನೊಂದು ಹೋಳಿಗೆ ಬೇಡವೆನ್ನುವುದು, ನಲವತ್ತು ಸೀರೆ ಬಿಚ್ಚಿ ಹರಡಿಸಿದ ಅಂಗಡಿಯಿಂದ ಬರಿಗೈಯಲ್ಲಿ ಎದ್ದು ಬರುವುದು, ಯಾರದೋ ನಿವೃತ್ತಿ ಸಮಾರಂಭದಲ್ಲಿ "ನೀವೂ ಎರಡು ಮಾತಾಡಿ ಸಾರ್" ಎಂದು ಮೈಕು ಕೈಗೆ ಬರುವುದು. ಶಾಲೆಯಲ್ಲಿ ಬಾರದ ಅಂಕಗಳೆಲ್ಲ ನನಗೆ ಇಲ್ಲಿ ಬಂದವು.

ಆಮೇಲೆ ನನ್ನ ಆತ್ಮಚರಿತ್ರೆಯ ಹಾಳೆಗಳನ್ನು ತೆಗೆದೆ. ಮೇಡಂ ಅವನ್ನು ಓದಲಿಲ್ಲ; "ಇದನ್ನ ಬರೆಯದೆ ಬಂದಿದ್ರೆ ಏನಾಗ್ತಿತ್ತು?" ಎಂದರು. ಇದು ಚೀಟಿಯಲ್ಲಿಲ್ಲದ ಪ್ರಶ್ನೆ.

ಆ ಪ್ರಶ್ನೆಯ ಹಿಂದಿನ ವಿಚಾರವನ್ನು ಮೇಡಂ ಅವರೇ ವಿವರಿಸಿದರು. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಈ ಭಯದ ಒಳಮರ್ಮವನ್ನು ಬಿಡಿಸಿಟ್ಟರಂತೆ. ವಾಕ್ಯವನ್ನು ಉರು ಹೊಡೆಯುವುದು, ನಡುಕ ಕಾಣದಂತೆ ಲೋಟವನ್ನು ಎರಡು ಕೈಯಲ್ಲಿ ಹಿಡಿಯುವುದು, ಎದುರಿಗೆ ಜನ ಬಂದಾಗ ಮೊಬೈಲಿನಲ್ಲಿ ಮುಖ ಹುದುಗಿಸುವುದು ಇವೆಲ್ಲ ಕಾಯಿಲೆಗೆ ಮದ್ದಲ್ಲ, ಕಾಯಿಲೆಯ ಊಟ. ಅನಾಹುತವಾಗದಿದ್ದರೆ ಚೀಟಿಯಿಂದ ಬದುಕಿದೆ ಅಂದುಕೊಳ್ಳುತ್ತೇವೆ. ಅನಾಹುತ ಆಗುವುದೇ ಇರಲಿಲ್ಲ ಎಂಬುದು ಎಂದಿಗೂ ತಿಳಿಯುವುದಿಲ್ಲ. ಮೇಲಾಗಿ ಕಣ್ಣು ಕಿವಿಗಳೆಲ್ಲ ಒಳಮುಖ: ಬೆವರು ಬಂತೇ, ದನಿ ನಡುಗಿತೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂದು ಗಾದೆ. ನಾವಾದರೋ ಯಾರೂ ಕಳ್ಳನೆನ್ನದೆಯೇ, ಕುಂಬಳಕಾಯಿಯ ಮುಖವನ್ನೇ ಕಾಣದೆಯೇ ದಿನವಿಡೀ ಹೆಗಲು ಒರೆಸಿಕೊಳ್ಳುವವರು.

ಅಷ್ಟಕ್ಕೂ 'ನಾಲ್ಕು ಜನ ಏನಂದಾರು' ಎಂಬ ಆ ನಾಲ್ವರ ಲೆಕ್ಕವನ್ನೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ತೆಗೆದಿದ್ದಾರೆ. ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಹಾಕಿಕೊಳ್ಳಲು ನಾಚಿಕೆಯೆನಿಸುವ, ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ಚಿತ್ರವಿದ್ದ ಟೀ ಶರ್ಟು ತೊಡಿಸಿ ಜನರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆಂದು ತೊಟ್ಟವರ ಅಂದಾಜು. ಗಮನಿಸಿದವರು ಸುಮಾರು ಕಾಲುಭಾಗ. 2000ದಲ್ಲಿ ಪ್ರಕಟವಾದ ಈ ಲೆಕ್ಕದಂತೆ ನಮ್ಮ ನಾಲ್ಕು ಜನರಲ್ಲಿ ನೋಡಿದವನು ಒಬ್ಬ. ಉಳಿದ ಮೂವರು ಬಹುಶಃ ತಮ್ಮ ಹೆಗಲು ನೋಡಿಕೊಳ್ಳುತ್ತಿದ್ದರು.

ಹಾಗಾದರೆ ತಯಾರಿಯೇ ಬೇಡವೇ? ಬೇಕು, ಆದರೆ ಬೇರೆ ಥರದ್ದು. ಇದನ್ನು ಯೋಚಿಸುವಾಗ ನನಗೆ ಗಾಂಧಿ ನೆನಪಾದರು. ಬ್ಯಾರಿಸ್ಟರಾಗಿ 1891ರಲ್ಲಿ ಮರಳಿದ ಮೇಲೆ ಬೊಂಬಾಯಿಯಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತವರಿಗೆ ತಲೆ ಸುತ್ತಿ ಒಂದು ಪ್ರಶ್ನೆಯೂ ಹೊಳೆಯದೆ, ಪಡೆದಿದ್ದ 30 ರೂಪಾಯಿ ಫೀಸನ್ನು ಬಿಟ್ಟುಕೊಟ್ಟು ಹೊರಬಿದ್ದರು. ಅದೇ ಮನುಷ್ಯ 1893ರಲ್ಲಿ ಪ್ರಿಟೋರಿಯಾದ ಭಾರತೀಯರ ಸಭೆಯಲ್ಲಿ ವ್ಯಾಪಾರದಲ್ಲಿನ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರು. ತಕ್ಕಮಟ್ಟಿಗೆ ತಯಾರಾಗಿಯೇ ಹೋಗಿದ್ದರು. ಆ ತಯಾರಿ ವಿಷಯದ್ದು, ತಾನು ಹೇಗೆ ಕಾಣುತ್ತೇನೆಂಬುದರದ್ದಲ್ಲ. ನಮ್ಮಂಥವರು ತಲೆಕೆಳಗು ಮಾಡುವುದು ಇಲ್ಲೇ.

ಮೇಡಂ ಹೇಳಿದ ತಯಾರಿಯೂ ಹೊರಮುಖದ್ದೇ. ಚಿಕಿತ್ಸೆ ಮುಗಿದ ಮೇಲೆ ಏನೇನು ಮಾಡುತ್ತಿರಬೇಕೆಂದು ಗುರಿ ಹೇಳಬೇಕು. 'ಧೈರ್ಯ ಬರಬೇಕು' ಅಂದರೆ ಸಾಲದು. 'ಕಂಡಕ್ಟರ ಹತ್ತಿರ ಚಿಲ್ಲರೆ ಕೇಳಬೇಕು' ಅಂದರೆ ನಡೆಯುತ್ತದೆ. ಭಯಗಳಿಗೆ ಸೊನ್ನೆಯಿಂದ ನೂರರವರೆಗೆ ಬೆಲೆ ಕಟ್ಟಿ ಏಣಿಯಾಗಿ ಜೋಡಿಸಬೇಕು. ನನ್ನ ಏಣಿಯ ಬುಡದಲ್ಲಿ ದಾರಿ ಕೇಳುವುದು, ತುದಿಯಲ್ಲಿ ಮೈಕು. ಸೀರೆ ಅಂಗಡಿ ಅದಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಈ ಭಯದ ಚಿಕಿತ್ಸೆಗೆಂದೇ ಇರುವ ಬ್ರಿಟನ್ನಿನ 2013ರ ಮಾರ್ಗಸೂಚಿಯ ಪ್ರಕಾರ ಇಷ್ಟಕ್ಕೆಲ್ಲ 90 ನಿಮಿಷದ 14 ಭೇಟಿಗಳು, ಸುಮಾರು ನಾಲ್ಕು ತಿಂಗಳು. ಜನ್ಮಕ್ಕಂಟಿದ ಅಭ್ಯಾಸಕ್ಕೆ ಇದು ಅಗ್ಗದ ಬೆಲೆಯೇ.

ಮುಂದಿನ ಭೇಟಿಗೆ ಮುಂಚೆ ಹೋಮ್‌ವರ್ಕು: ಏನನ್ನೂ ಉರು ಹೊಡೆಯದೆ ಔಷಧಿ ಅಂಗಡಿಗೆ ಹೋಗಿ ಹುಣಸೆಹಣ್ಣು ಇದೆಯೇ ಎಂದು ಕೇಳುವುದು. ಏನಾಗುತ್ತದೆಂಬ ಊಹೆಯನ್ನು ಮೊದಲೇ ಬರೆದಿಡಬೇಕು. 'ಅಂಗಡಿಯವನು ನಗುತ್ತಾನೆ, ನಿಂತವರೆಲ್ಲ ತಿರುಗಿ ನೋಡುತ್ತಾರೆ, ಖಾತ್ರಿ ನೂರಕ್ಕೆ 90' ಎಂದು ಬರೆದು ಹೊರಟೆ. ಕೇಳಿದೆ. ಅಂಗಡಿಯವನು ಬಿಲ್ಲಿನಿಂದ ತಲೆ ಎತ್ತದೆ, "ಪಕ್ಕದ ಪ್ರಾವಿಜನ್ ಸ್ಟೋರಲ್ಲಿ ಸಿಗುತ್ತೆ ಸಾರ್" ಎಂದ. ತಿರುಗಿ ನೋಡಿದವರು ಒಬ್ಬರೇ ಹಿರಿಯ ಹೆಂಗಸು. "ಬೀಜ ತೆಗೆದಿರೋದು ಕೇಳಪ್ಪಾ, ಇಲ್ಲಾಂದ್ರೆ ತೂಕದಲ್ಲಿ ಹೋಗುತ್ತೆ" ಎಂದರು.

ಅಷ್ಟು ಅಕ್ಕರೆಯಿಂದ ಹೇಳಿದ ಮೇಲೆ, ಅವರೆದುರೇ ಪಕ್ಕದಂಗಡಿ ದಾಟಿ ಹೋಗುವುದು ಹೇಗೆ? ಬೀಜ ತೆಗೆದದ್ದೇ ಅರ್ಧ ಕೆಜಿ ಕೊಂಡೆ. 'ನಡೆದದ್ದು' ಎಂಬ ಕಾಲಮ್ಮಿನಲ್ಲಿ ಅದನ್ನೂ ಬರೆದಿದ್ದೇನೆ. ಬರಿಗೈಯಲ್ಲಿ ಬರುವ ಮೆಟ್ಟಿಲು ಇನ್ನೂ ಬಹಳ ಮೇಲಿದೆ. ಅಲ್ಲಿಗೆ ಹತ್ತುವ ತನಕ ನಮ್ಮ ಮನೆಯಲ್ಲಿ ಸಾರಿಗಂತೂ ಬರವಿಲ್ಲ.