ಇತರರೆಲ್ಲರನ್ನೂ ಹೊರತುಪಡಿಸಿ

ಆಸ್ಟ್ರೇಲಿಯಾದ ಕಾನೂನಿನಲ್ಲಿ ನಮ್ಮತ್ತೆಗೆ ಒಂದೇ ಒಂದು ಸಾಲು ಗೊತ್ತು. ಅದನ್ನು ಓದಿ ಹೇಳಿದವಳು ನಾನೇ, ಅನುಭವಿಸಿದವಳೂ ನಾನೇ.

ಗಂಡ ಹೆಂಡತಿ ಅಂದರೆ ಯಾರು ಅಂತ ಅಲ್ಲಿಯ 1958ರ ವಲಸೆ ಕಾಯ್ದೆ ಬಿಡಿಸಿ ಹೇಳುತ್ತದೆ. ಕಾನೂನಿನ ಪ್ರಕಾರ ಮದುವೆಯಾಗಿರಬೇಕು. ಸಂಬಂಧ ನಿಜವಾದದ್ದಾಗಿರಬೇಕು, ಇನ್ನೂ ನಡೆಯುತ್ತಿರಬೇಕು. ಒಟ್ಟಿಗೆ ಇರಬೇಕು, ಇಲ್ಲದಿದ್ದರೆ ಖಾಯಮ್ಮಾಗಿ ಬೇರೆ ಬೇರೆಯಂತೂ ಇರಬಾರದು. ಇಷ್ಟರ ಮೇಲೆ, 'ಇತರರೆಲ್ಲರನ್ನೂ ಹೊರತುಪಡಿಸಿ' ಒಬ್ಬರಿಗೊಬ್ಬರು ಬದ್ಧರಾಗಿ ಬಾಳಬೇಕು. ಇದನ್ನು ಕೇಳಿದ ಮೇಲೆ ಹಾಸನದ ಕಡೆ ಫೋನು ಒಂದು ಗಳಿಗೆ ಸುಮ್ಮನಾಯಿತು.

"ಎಲ್ಲರನ್ನೂ ಅಂದ್ರೆ? ನಮ್ಮನ್ನೂನಾ?" ಅಂದರು ಅತ್ತೆ.

"ಅದು ಬೇರೆ ಅರ್ಥ ಅತ್ತೆ."

"ಯಾವ ಅರ್ಥ?"

ಮದುವೆಯಾಗಿ ಆರು ತಿಂಗಳಾದ ಸೊಸೆ ಅತ್ತೆಗೆ ಆ ಇನ್ನೊಂದು ಅರ್ಥವನ್ನು ವಿವರಿಸಲಾದೀತೆ? ತೆಂಗಿನಕಾಯಿ ರೇಟು ಎಷ್ಟಾಗಿದೆ ಅಂತ ಕೇಳಿದೆ.

ನಾನು ಮೆಲ್ಬರ್ನ್‌ನಲ್ಲಿ ನರ್ಸು. ಇವರು ಹಾಸನದಲ್ಲಿ ಪಿಯು ಹುಡುಗರಿಗೆ ಕೆಮಿಸ್ಟ್ರಿ ಹೇಳುತ್ತಿದ್ದವರು. 2024ರ ಫೆಬ್ರವರಿಯಲ್ಲಿ ಮದುವೆ, ಅದಾಗಿ ಹತ್ತೊಂಬತ್ತು ದಿನಕ್ಕೆ ನನ್ನ ರಜೆ ಮುಗಿಯಿತು. ಇನ್ನು ಗಂಡನನ್ನು ಕರೆಸಿಕೊಳ್ಳಬೇಕು. ಕಟ್ಟಿಕೊಂಡವಳನ್ನು ಕರೆಸಿಕೊಳ್ಳುವುದು ನಮ್ಮೂರಲ್ಲಿ ಸುದ್ದಿಯಲ್ಲ, ಕಟ್ಟಿಕೊಂಡವನನ್ನು ಕರೆಸಿಕೊಳ್ಳುವುದು ಮಾತ್ರ ಸುದ್ದಿ. "ಮನೆಯಳಿಯ ಆಗ್ತಾನಂತೆ, ಅದೂ ಫಾರಿನ್‌ನಲ್ಲಿ" ಅಂತ ಬೀದಿಯೆಲ್ಲ ಮಾತಾಯಿತು. ಮನೆಯಳಿಯನಾಗಲು ಮಾವನದೊಂದು ಮನೆಯಾದರೂ ಬೇಕಲ್ಲ! ನನ್ನದು ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಎರಡು ರೂಮಿನ ಬಾಡಿಗೆ ಮನೆ. ಇವರ ಅಪ್ಪನಿಗಂತೂ ಅರ್ಜಿಯ ಭಾಷೆಯೇ ಸರಿಹೋಗಲಿಲ್ಲ. ನಾನು ಪ್ರಾಯೋಜಕಿ, ಅವರ ಮಗ ಅರ್ಜಿದಾರ. "ಅರ್ಜಿದಾರ ಅಂತವ್ರಲ್ಲಮ್ಮ, ಹುಡುಗನ ಕಡೆಯೋರು ಅಂತ ಎಲ್ಲೂ ಇಲ್ವಾ?"

ವೀಸಾದ ನಂಬರು 309. ಅರ್ಜಿ ಹಾಕುವಾಗ ಹುಡುಗ ಆಸ್ಟ್ರೇಲಿಯಾದ ಹೊರಗಿರಬೇಕು. ಆ ವರ್ಷದ ಶುಲ್ಕ 9,095 ಡಾಲರ್, ನಮ್ಮ ಲೆಕ್ಕದಲ್ಲಿ ಐದು ಲಕ್ಷ. ಅರ್ಜಿ ತಿರಸ್ಕಾರವಾದರೂ ದುಡ್ಡು ವಾಪಸಿಲ್ಲ. ಮಾವ ಕೇಳಿದ್ದು ಒಂದೇ ಪ್ರಶ್ನೆ: "ಐದು ಲಕ್ಷಕ್ಕೆ ಊಟ ಹಾಕ್ತಾರಾ?"

ನಮ್ಮಲ್ಲಿ ಜಾತಕ ನೋಡುವಾಗ ಮೂವತ್ತಾರಕ್ಕೆ ಹದಿನೆಂಟು ಗುಣ ಬಂದರೆ ಪಾಸು. ಅಲ್ಲಿ ನೋಡುವುದು ನಾಲ್ಕೇ ಗುಣ: ಹಣಕಾಸು, ಮನೆವಾರ್ತೆ, ನಾಲ್ಕು ಜನರ ನಡುವೆ ನಿಮ್ಮ ಸಂಬಂಧ, ಒಬ್ಬರಿಗೊಬ್ಬರ ಬದ್ಧತೆ. ನಾಲ್ಕೇ ಆದರೂ ಪ್ರತಿಯೊಂದಕ್ಕೂ ಕಾಗದ ಬೇಕು.

ಮನೆವಾರ್ತೆಯಲ್ಲೇ ಸಿಕ್ಕಿಬಿದ್ದೆವು. ಮನೆಗೆಲಸವನ್ನು ಇಬ್ಬರೂ ಹೇಗೆ ಹಂಚಿಕೊಂಡಿದ್ದೀರಿ ಅಂತ ಬರೆಯಬೇಕು. ಹತ್ತೊಂಬತ್ತು ದಿನವೂ ನಾನು ಹೊಸ ಮದುವಣಗಿತ್ತಿ. ಒಲೆ ಹತ್ತಿರ ಹೋದರೆ "ಬಿಡಮ್ಮ, ಇನ್ನೂ ಕೈ ಮೇಲಿನ ಮೆಹಂದಿ ಹೋಗಿಲ್ಲ" ಅನ್ನುತ್ತಿದ್ದರು. ಇವರಿಗೆ ಒಲೆ ಯಾವ ದಿಕ್ಕಿಗಿದೆ ಅಂತಲೇ ಗೊತ್ತಿರಲಿಲ್ಲ. ನಿಜ ಬರೆಯುವುದಾದರೆ, 'ಇಬ್ಬರೂ ಸಮನಾಗಿ ಏನೂ ಮಾಡುವುದಿಲ್ಲ' ಅಂತ ಬರೆಯಬೇಕಿತ್ತು.

ಸಂಬಂಧ ಹೇಗೆ ಶುರುವಾಯಿತು, ಹೇಗೆ ಬೆಳೆಯಿತು ಅಂತ ಇಬ್ಬರೂ ಬೇರೆ ಬೇರೆ ಬರೆದು ಕೊಡುವುದು ವಾಡಿಕೆ. ಇವರು ಒಂದು ಭಾನುವಾರ ಕೂತು ಬರೆದು ಕಳಿಸಿದರು. ಓದಿದರೆ ಪ್ರಾಕ್ಟಿಕಲ್ ರೆಕಾರ್ಡು! ಉದ್ದೇಶ, ಬೇಕಾದ ಸಾಮಗ್ರಿ, ವಿಧಾನ, ವೀಕ್ಷಣೆ. ವಿಧಾನದ ಕೆಳಗೆ, 'ಮೊದಲ ಭೇಟಿಯಲ್ಲಿ ಹುಡುಗಿಯ ಕಡೆಯವರು ಒಂಬತ್ತು ಮಂದಿ, ನಮ್ಮ ಕಡೆಯವರು ಆರು ಮಂದಿ ಹಾಜರಿದ್ದರು. ಹುಡುಗಿಯೊಂದಿಗೆ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಎಂಟು ನಿಮಿಷ ಪ್ರತ್ಯೇಕವಾಗಿ ಮಾತನಾಡಲಾಯಿತು' ಅಂತಿತ್ತು. ಆ ಎಂಟು ನಿಮಿಷವೂ ನನ್ನ ಚಿಕ್ಕಮ್ಮನ ಮಗ ಗಾಳಿಪಟದ ನೆವ ಮಾಡಿಕೊಂಡು ಅಲ್ಲೇ ನಿಂತಿದ್ದ, ಅವನನ್ನು ಇವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೊನೆಗೆ ಫಲಿತಾಂಶ: 'ಕೊಟ್ಟಿರುವ ಮಾದರಿಯಲ್ಲಿ ದಾಂಪತ್ಯ ಇದೆಯೆಂದು ಖಚಿತವಾಯಿತು.'

"ಭಾವನೆ ಎಲ್ರೀ?" ಅಂದೆ.

"ವೀಕ್ಷಣೆಯಲ್ಲಿದೆ ನೋಡು" ಅಂದರು. ನೋಡಿದೆ. 'ಹುಡುಗಿ ನಕ್ಕಳು' ಅಂತಿತ್ತು.

ಫೋಟೊ ಬೇಕು. ಮದುವೆಯ ಫೋಟೊ ಸಾವಿರದ ಇನ್ನೂರಿತ್ತು. ಅರ್ಧದಲ್ಲಿ ನಾವಿಬ್ಬರೂ ಪುರೋಹಿತರನ್ನು ನೋಡುತ್ತಿದ್ದೇವೆ, ಇನ್ನರ್ಧದಲ್ಲಿ ಹೊಗೆಗೆ ಕಣ್ಣು ಮುಚ್ಚಿದ್ದೇವೆ. ಉಳಿದ ಹತ್ತಿಪ್ಪತ್ತರಲ್ಲಿ ಯಾರೋ ಕವರು ಕೈಗಿಟ್ಟು ನಮ್ಮ ನಡುವೆ ನಿಂತಿದ್ದಾರೆ. ಮದುವೆಯಾದ ಮೇಲೆ ಎಲ್ಲಿಗೆ ಹೋಗಿದ್ದಿರಿ? ಧರ್ಮಸ್ಥಳ, ಕುಕ್ಕೆ, ಹೊರನಾಡು. ಟೆಂಪೊ ಟ್ರಾವೆಲರ್‌ನಲ್ಲಿ ಅತ್ತೆ, ಮಾವ, ವಾರಗಿತ್ತಿ, ಅವಳ ಎರಡು ಮಕ್ಕಳು, ಮಾವನ ಅಕ್ಕ. ಹೊರನಾಡಿಗೆ ಹೊರಟವರಿಗೆ ಮೊದಲು ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನ ಆಗಬೇಕೆಂದು ಅತ್ತೆಯ ಹರಕೆ. ಇಬ್ಬರೇ ಇರುವ ಒಂದು ಪಟ ಹುಡುಕಲು ಎರಡು ರಾತ್ರಿ ಹಿಡಿಯಿತು. ಸಿಕ್ಕಿದ್ದರಲ್ಲೂ ಬಲಗಡೆ ಅತ್ತೆಯ ಮೊಣಕೈ. ಅದನ್ನು ಕತ್ತರಿಸಿದರೆ ಇವರ ಒಂದು ಕಿವಿಯೂ ಹೋಗುತ್ತಿತ್ತು, ಹಾಗೇ ಬಿಟ್ಟೆ.

ಇನ್ನು ದೂರದಲ್ಲಿದ್ದಾಗ ಮಾತುಕತೆ ನಡೆದಿದೆ ಅನ್ನುವುದಕ್ಕೆ ಸಾಕ್ಷಿ. ವಾಟ್ಸಾಪಿನಲ್ಲಿ ಬೇಕಾದಷ್ಟಿತ್ತು, ಎಲ್ಲ ಕನ್ನಡದಲ್ಲಿ. ಇಂಗ್ಲಿಷಿನಲ್ಲಿಲ್ಲದ ಕಾಗದವನ್ನು ಅನುವಾದ ಮಾಡಿಸಿಯೇ ಕೊಡಬೇಕು, ಆಸ್ಟ್ರೇಲಿಯಾದಲ್ಲಿ ಮಾಡಿಸಿದರೆ ನಾಟಿ ಮಾನ್ಯತೆ ಇರುವ ಅನುವಾದಕರಿಂದಲೇ ಆಗಬೇಕು. ನಾಟಿ ಅಂದರೆ ಇಲ್ಲಿ ಅನುವಾದಕರಿಗೆ, ದುಭಾಷಿಗಳಿಗೆ ಪರೀಕ್ಷೆ ಮಾಡಿ ಮುದ್ರೆ ಕೊಡುವ ಸಂಸ್ಥೆ. ಅತ್ತೆಗೆ ನಾಟಿ ಕೋಳಿ ಗೊತ್ತು, ನಾಟಿ ವೈದ್ಯರು ಗೊತ್ತು. "ಇಂಗ್ಲಿಷಿಗೂ ನಾಟಿಯವ್ರು ಬಂದವ್ರಾ?" ಅಂತ ಆಶ್ಚರ್ಯಪಟ್ಟರು.

ನಮಗೆ ಸಿಕ್ಕವರು ಮೈಸೂರಿನ ಕಡೆಯ ಹಿರಿಯರು, ಬಲು ಕಟ್ಟುನಿಟ್ಟು. ಲಗ್ನಪತ್ರಿಕೆಯ ಚಿ.ಸೌ. ದಾಟಿದರು, ಸುಖಾಗಮನ ಬಯಸುವ ಇಪ್ಪತ್ಮೂರು ಜನರನ್ನೂ ದಾಟಿದರು. ವಾಟ್ಸಾಪಿಗೆ ಬಂದು ನಿಂತರು. ನಮ್ಮ ಸಂಭಾಷಣೆ ಹೀಗಿತ್ತು:

"ತಿಂಡಿ ಆಯ್ತಾ?"

"ಇಲ್ಲೀಗ ಮಧ್ಯಾಹ್ನ ರೀ."

"ಹೌದಲ್ವಾ. ಹಂಗಾದ್ರೆ ಊಟ ಆಯ್ತಾ?"

"ಆಯ್ತು. ನಿಮ್ದು ತಿಂಡಿ?"

"ಆಯ್ತು. ಮತ್ತೆ?"

"ಮತ್ತೇನಿಲ್ಲ. ನೀವೇ ಹೇಳ್ಬೇಕು."

ಚಳಿಗಾಲದಲ್ಲಿ ನಮ್ಮ ನಡುವೆ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಇಲ್ಲಿ ಗಡಿಯಾರ ಮುಂದಿಡುವುದರಿಂದ ಐದೂವರೆ. ಹೀಗಾಗಿ ತಿಂಡಿ ಊಟದ ಗೊಂದಲ ತಿಂಗಳುಗಟ್ಟಲೆ ನಡೆದಿದೆ. ಪ್ರೀತಿಯ ಮಾತು ಒಂದೂ ಇಲ್ಲ. ನಾನಂತೂ ಇವರ ಹೆಸರನ್ನೇ ಒಂದು ಸಲವೂ ಬರೆದಿಲ್ಲ. ಎಲ್ಲ ಕಡೆ 'ರೀ'.

ಒಂದು ಸಂಜೆ ಅನುವಾದಕರ ಫೋನು.

"ಅಮ್ಮಾ, ಒಂದು ಸಂಶಯ. ಈ 'ಮತ್ತೆ'ಗೆ ಏನು ಹಾಕಲಿ?"

"ಮತ್ತೆ ಅಂದ್ರೆ ಮತ್ತೆ, ಸಾರ್."

"'ಪುನಃ' ಅಂತ ಮಾಡಿದರೆ ಏನನ್ನೋ ಎರಡನೇ ಸಲ ಮಾಡಿ ಅಂದ ಹಾಗಾಗತ್ತೆ. 'ಆಮೇಲೆ' ಅಂದರೆ ಮಗು ಕತೆ ಕೇಳಿದ ಹಾಗೆ. 'ಇನ್ನೇನು ಬೇಕು' ಅಂದರೆ ಕಿರಾಣಿ ಅಂಗಡಿ. ಅವರು ಮತ್ತೆ ಅಂತಾರೆ, ನೀವು ಮತ್ತೇನಿಲ್ಲ ಅಂತೀರಿ. ಟೈಮ್ ನೋಡಿದೆ. ಅದಾದ ಮೇಲೂ ನಲವತ್ತು ನಿಮಿಷ ನಡೆದಿದೆ. ಏನಮ್ಮ ಇದರ ಅರ್ಥ?"

"ಇನ್ನೂ ಹೋಗಬೇಡ ಅಂತ, ಸಾರ್."

ಅವರು ಒಂದು ಕ್ಷಣ ಮಾತಾಡಲಿಲ್ಲ. "ಸರಿ ಬಿಡಿ" ಅಂದು ಇಟ್ಟರು. ಅನುವಾದ ಕೈಗೆ ಬಂದಾಗ ಪುಟದಡಿಯಲ್ಲಿ ಸಣ್ಣಕ್ಷರದ ಟಿಪ್ಪಣಿ ಇತ್ತು: ಇದು ಮಾತು ಮುಗಿದ ಮೇಲೂ ಮುಗಿಸಲು ಮನಸ್ಸಿಲ್ಲದವರು ಬಳಸುವ ಪದ. ಮುದ್ರೆ, ಸಹಿ, ದಿನಾಂಕ. ನಮ್ಮ ಮದುವೆಯ ಬಗ್ಗೆ ಇದುವರೆಗೆ ಯಾರಾದರೂ ಬರೆದ ಒಳ್ಳೆಯ ಮಾತು ಅಂದರೆ ಅದೇ. ಪುಟಕ್ಕಿಷ್ಟು ಅಂತ ದುಡ್ಡು ಕೊಟ್ಟಿದ್ದಕ್ಕೂ ಬೇಸರವಾಗಲಿಲ್ಲ.

ಸಾಕ್ಷಿ ಹೇಳುವವರಿಗೆ 888 ಅನ್ನುವ ಫಾರಂ. ನಮ್ಮನ್ನು ಬಲ್ಲವರು ತುಂಬಿಸಿ, ಈ ಸಂಬಂಧ ನಿಜವಾದದ್ದು ಅಂತ ಯಾಕೆ ನಂಬುತ್ತೀರಿ ಅನ್ನುವುದಕ್ಕೆ ಕಾರಣ ಕೊಡಬೇಕು. ಕನ್ನಡ ಸಂಘದ ಆಂಟಿಯೊಬ್ಬರು, 'ಗಂಡನ ಫೋನು ಬಂದರೆ ಈ ಹುಡುಗಿ ಯುಗಾದಿ ಕಾರ್ಯಕ್ರಮದ ಒಬ್ಬಟ್ಟನ್ನೂ ಬಿಟ್ಟು ಹೊರಗೆ ಎದ್ದು ಹೋಗುತ್ತಾಳೆ' ಅಂತ ಬರೆದರು. ಇನ್ನೊಬ್ಬ ಅಂಕಲ್ ಹುಡುಗಿಯ ಅಜ್ಜನ ಕಾಲದಿಂದ ಶುರು ಮಾಡಿ, ಜಾಗ ಸಾಲದೆ ಹಾಳೆ ಅಂಟಿಸಿದರು, ನನ್ನ ಮದುವೆಯವರೆಗೆ ಬರಲೇ ಇಲ್ಲ.

ಪೊಲೀಸ್ ಕ್ಲಿಯರೆನ್ಸ್ ಆಯಿತು. ಎದೆಯ ಎಕ್ಸ್‌ರೇ ಆಯಿತು. ಒಂದು ಕಾಗದದಲ್ಲಿ ಇವರ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಚ್ಚಿಕೊಂಡು ಇಡೀ ಊರಿನ ಹೆಸರು. ಮೂವರೂ ಒಬ್ಬರೇ ಅಂತ ಅಫಿಡವಿಟ್ಟು.

ಎಲ್ಲ ಅಪ್‌ಲೋಡ್ ಮಾಡಿ ಮುಗಿಸುವ ಹೊತ್ತಿಗೆ ಅತ್ತೆಯಿಂದ ಒಂದು ಕಾಗದ ಬಂತು. ಗೆರೆ ಹಾಳೆಯ ಮೇಲೆ ನೀಲಿ ಇಂಕಿನಲ್ಲಿ ಬರೆದದ್ದನ್ನು ಇವರು ಫೋಟೊ ತೆಗೆದು ಕಳಿಸಿದ್ದರು. 'ಮಾನ್ಯ ವೀಸಾ ಅಧಿಕಾರಿಗಳಿಗೆ, ಹುಡುಗನ ತಾಯಿ ಮಾಡುವ ನಮಸ್ಕಾರಗಳು. ಇತ್ತ ಎಲ್ಲ ಕ್ಷೇಮ. ನಿಮ್ಮ ಕಾನೂನಿನಲ್ಲಿ ಎಲ್ಲರನ್ನೂ ಬಿಟ್ಟು ಇರಬೇಕು ಅಂತ ಇದೆಯಂತೆ, ಸೊಸೆ ಹೇಳಿದಳು. ನಮ್ಮನ್ನು ಬಿಡುವುದಕ್ಕೆ ನಮ್ಮ ಅಭ್ಯಂತರ ಏನೂ ಇಲ್ಲ. ಅವಳು ಹೋದ ಮೇಲೆ ಇವನು ರಾತ್ರಿ ಟೆರೇಸಿನ ಮೇಲೆ ಫೋನು ಹಿಡಿದು ಓಡಾಡಿ ಓಡಾಡಿ ಹಪ್ಪಳ ಒಣಗಿಸುವ ಜಾಗವೆಲ್ಲ ಸವೆದಿದೆ. ಬೇಗ ಕರೆಸಿಕೊಂಡರೆ ಉಪಕಾರ.' ಕೆಳಗೆ ಸಹಿ. ಅದರ ಕೆಳಗೆ ಸಾಕ್ಷಿ ಅಂತ ಪಕ್ಕದ ಮನೆಯವರ ಸಹಿ, ಎದುರು ಮನೆಯವರ ಸಹಿ, ಹಾಲಿನವನ ಸಹಿ.

ಗಂಡ ಹೆಂಡತಿ ಇಬ್ಬರೇ ಅಂತ ಸಾಬೀತು ಮಾಡಲು ಇಡೀ ಬೀದಿ ಸಹಿ ಹಾಕಿತ್ತು. ಅದನ್ನೂ ನಾಟಿಯವರಿಗೆ ಕಳಿಸಿದೆ. ಅದಕ್ಕೆ ಮಾತ್ರ ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಅರ್ಜಿ ಹಾಕಿದ್ದು 2024ರ ಆಗಸ್ಟು, ವೀಸಾ ಬಂದದ್ದು ಮರುವರ್ಷ ಸೆಪ್ಟೆಂಬರಿನಲ್ಲಿ. ಇವರು ಬಂದಿಳಿದಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುರಿಗಡಲೆ, ಆ ಸವೆದ ಟೆರೇಸಿನ ಮೇಲೆ ಒಣಗಿದ ಹಪ್ಪಳ. ತಿನ್ನುವ ಪದಾರ್ಥ ಇದೆಯೇ ಅನ್ನುವ ಪ್ರಶ್ನೆಗೆ ಕೆಮಿಸ್ಟ್ರಿ ಮೇಷ್ಟ್ರು ಹೌದು ಅಂತ ಗುರುತು ಹಾಕಿ, ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಇನ್‌ಗ್ರೀಡಿಯೆಂಟ್ಸ್ ವಿವರಿಸಿದರಂತೆ. ನಾನು ಹೊರಗೆ ಒಂದೂವರೆ ಗಂಟೆ ನಿಂತಿದ್ದೆ.

ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. 309 ತಾತ್ಕಾಲಿಕ. ಅರ್ಜಿ ಹಾಕಿ ಎರಡು ವರ್ಷವಾದ ಮೇಲೆ ಖಾಯಂ ವೀಸಾಕ್ಕೆ, ಅಂದರೆ ಅದರ ಜೋಡಿ ನಂಬರು 100ಕ್ಕೆ, ಸಂಬಂಧ ಇನ್ನೂ ನಡೆಯುತ್ತಿದೆ ಅಂತ ಮತ್ತೆ ತೋರಿಸಬೇಕು. ಈ ಆಗಸ್ಟಿಗೆ ಆ ಎರಡು ವರ್ಷ ತುಂಬುತ್ತದೆ. ಹಾಗಾಗಿ ಈಗ ನಮ್ಮ ಮನೆಯಲ್ಲಿ ನಡೆಯುವುದೆಲ್ಲ ದಾಖಲೆ. ಕರೆಂಟ್ ಬಿಲ್ಲು ಇಬ್ಬರ ಹೆಸರಿಗೆ, ಬಾಡಿಗೆ ಕರಾರು ಇಬ್ಬರ ಹೆಸರಿಗೆ. ಮೊನ್ನೆ ಕಸದ ಡಬ್ಬಿ ಹೊರಗಿಡುವ ವಿಷಯಕ್ಕೆ ಜೋರು ಜಗಳವಾಯಿತು. ನಡುವೆ ಇವರು ನಿಲ್ಲಿಸಿ, "ಇದನ್ನೂ ಬರ್ಕೊ, ಮನೆವಾರ್ತೆ ಕೆಳಗೆ ಹೋಗತ್ತೆ" ಅಂದರು.

ಕಳೆದ ಭಾನುವಾರ ಇವರು ಪಾತ್ರೆ ತೊಳೆಯಲು ನಿಂತರು. ತೋಳು ಮಡಿಚಿ, ಏಪ್ರನ್ ಕಟ್ಟಿ, "ಹೂಂ, ತೆಗಿ" ಅಂದರು. ತೆಗೆದೆ. ಚೆನ್ನಾಗಿ ಬಂದಿದೆ. ಒಬ್ಬ ಗಂಡಸು, ಸಿಂಕಿನ ತುಂಬ ನೊರೆ, ಕೈಯಲ್ಲಿ ಕುಕ್ಕರಿನ ಮುಚ್ಚಳ, ಕಿಟಕಿಯಿಂದ ಬೆಳಕು. ಹೆಸರಿಟ್ಟು ಫೈಲಿಗೆ ಹಾಕುವಾಗ ನೋಡಿದೆ. ಸಿಂಕಿನ ಹಿಂದೆ ನಲ್ಲಿಗೆ ಒರಗಿಸಿಟ್ಟ ಫೋನಿನಲ್ಲಿ ಅತ್ತೆ. ಕನ್ನಡಕ ಮೂಗಿನ ತುದಿಗೆ ತಂದುಕೊಂಡು, ಮುಚ್ಚಳದ ಒಳಗಡೆ ಉಜ್ಜುವುದು ಹೇಗೆಂದು ಬೆರಳು ಮಾಡಿ ತೋರಿಸುತ್ತಿದ್ದಾರೆ.

ಕತ್ತರಿಸಲು ನೋಡಿದೆ. ಅತ್ತೆಯ ಜೊತೆ ಕುಕ್ಕರಿನ ಮುಚ್ಚಳವೂ ಹೋಗುತ್ತದೆ.