ಬೇಲಿಸಾಲಿನ ಡೇರೆ ಪಾತಿ

ಅಕ್ಕಾ, ಒಂಚೂರು ಈ ಕಡೆ ಬನ್ನಿ. ಸಿಮೆಂಟು ಚೀಲ ಇಳಿಸಿದ್ದು ನೋಡ್ದೆ. ಬೇಲಿಗುಂಟ ಡೇರೆ ಪಾತಿಗೆ ಅಂಚು ಕಟ್ಟಿಸ್ತೀರಂತೆ, ಕೇಳಿ ಖುಷಿಯಾಯ್ತು. ಆದ್ರೆ ಸಿಮೆಂಟು ಬೇಡ ಅಕ್ಕಾ, ಖಂಡಿತ ಬೇಡ. ನಮ್ಮ ಸಾಗರದ ಮಳೆಗೆ ಅದು ಪಾತಿಯಾಗಲ್ಲ, ನೀರಿನ ತೊಟ್ಟಿಯಾಗುತ್ತೆ. ಮಣ್ಣು ನಿಲ್ಲುತ್ತೆ, ಜೊತೆಗೆ ನೀರೂ ನಿಲ್ಲುತ್ತೆ. ಡೇರೆ ಮೂಲದಲ್ಲಿ ಮೆಕ್ಸಿಕೋ ಕಡೆಯ ಗುಡ್ಡದ ಗಿಡ. ಮಳೆ ಬಂದು ಹರಿದು ಹೋದ್ರೆ ನಗ್ತಾ ಇರುತ್ತೆ, ಬುಡದಲ್ಲಿ ನೀರು ನಿಂತ್ರೆ ಗಡ್ಡೆ ಕೊಳೆಯುತ್ತೆ.

ಅಡಿಕೆ ದಬ್ಬೆಯಾ? ಅತ್ತೆಯವರ ಕಾಲದಿಂದ ಅದನ್ನೇ ಇಡ್ತಾ ಬಂದಿದೀರಿ, ಗೊತ್ತು. ತೋಟದಲ್ಲೇ ಸಿಗುತ್ತೆ, ಸೀಳಿ ಇಟ್ರೆ ನೋಡೋಕೂ ಚಂದ. ಆದ್ರೆ ಶ್ರಾವಣದ ಹೊತ್ತಿಗೆ ಅದರ ಅಡಿ ಮೆತ್ತಗಾಗಿ ಸಿಂಬಳದ ಹುಳುಗಳು ಹಗಲೆಲ್ಲ ಅಲ್ಲೇ ಅಡಗಿರ್ತವೆ. ಕತ್ತಲಾದ್ರೆ ಹೊರಬಂದು ಡೇರೆಯ ಎಳೆ ಚಿಗುರಿಗೇ ಬಾಯಿ ಹಾಕ್ತವೆ. ಮಳೆ ನಿಂತ ಮೇಲೆ ಗೆದ್ದಲು ಬೇರೆ. ಬೆಂಡೆ, ಬದನೆ ಮಡಿಗೆ ಒಂದು ಮಳೆಗಾಲದ ಮಟ್ಟಿಗೆ ದಬ್ಬೆ ಸಾಕು, ಆಮೇಲೆ ಗೊಬ್ಬರವೂ ಆಗುತ್ತೆ. ವರ್ಷಾನುಗಟ್ಟಲೆ ನಿಲ್ಲಬೇಕಾದ ಬೇಲಿಸಾಲಿಗೆ ಅದಲ್ಲ.

ಮನೆ ಕಟ್ಟಿ ಮಿಕ್ಕಿದ ಚಿರೆಕಲ್ಲು ನಿಮ್ಮ ಕೊಟ್ಟಿಗೆ ಹಿಂದೆ ರಾಶಿ ಬಿದ್ದಿದೆಯಲ್ಲ, ಅದನ್ನೇ ಹಾಕಿಸಿ. ಈ ಕಲ್ಲು ನೆಲದೊಳಗಿರುವಾಗ ಸುಲಭವಾಗಿ ಕಡಿಯೋಕೆ ಬರುತ್ತೆ, ಗಾಳಿ ಬಿಸಿಲು ಕಂಡಮೇಲೆ ಗಟ್ಟಿಯಾಗುತ್ತೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪುಸ್ತಕದಲ್ಲಿ ಬರೆದಿದ್ದೂ ಇದೇ ಗುಣ. ನಿಮ್ಮ ಕಲ್ಲು ಬಿಸಿಲಲ್ಲಿ ಬಿದ್ದು ಪಕ್ವವಾಗಿದೆ. ಬಿಳಿ ಜೇಡಿಯ ಪಟ್ಟೆ ಇರೋದನ್ನ ಮಾತ್ರ ಆರಿಸಿ ಬಿಸಾಕಿ, ಅವು ಮಳೆಗೆ ಉದುರ್ತವೆ.

ಮೊದಲು ಗೂಟ ಹೊಡೆದು ದಾರ ಎಳೆಸಿ. ಬೇಲಿಗೆ ಅಂಟಿಸಿ ಬೇಡ, ಒಂದೂವರೆ ಅಡಿಯಾದ್ರೂ ಈಚೆ ಇರಲಿ. ಬೇಲಿಯ ಗೂಟಗಳೆಲ್ಲ ಗ್ಲಿರಿಸೀಡಿಯಾ ತಾನೇ, ನೆಟ್ಟಲ್ಲೇ ಬೇರುಬಿಟ್ಟು ಮರವಾಗೋ ಜಾತಿ. ಅದರ ಬೇರು ದಪ್ಪಗಾದ್ರೆ ಕಲ್ಲನ್ನೇ ಎತ್ತುತ್ತೆ. ಸೊಪ್ಪು ಸವರೋಕೆ ಕಾಲಿಡೋ ಜಾಗವೂ ಬೇಕಲ್ಲ. ಸವರಿದ ಸೊಪ್ಪು ಅಲ್ಲೇ ಪಾತಿಗೆ ಹಾಸಿದ್ರೆ ಅದಕ್ಕಿಂತ ಒಳ್ಳೆ ಹಸಿರುಗೊಬ್ಬರ ಇಲ್ಲ.

ಒಂದು ಗೇಣು ಆಳ ಅಗೆಸಿ. ಈಗ ನೆಲ ಕಾದು ಗಟ್ಟಿಯಾಗಿದೆ, ಹಾರೆಯೂ ಇಳಿಯಲ್ಲ. ಒಂದು ಹದ ಮಳೆ ಬೀಳಲಿ. ಕಲ್ಲಿನ ಅರ್ಧ ಮಣ್ಣೊಳಗೆ ಹೋಗ್ಬೇಕು. ಗರಿಕೆ ಮೇಲೆ ಹಬ್ಬಿಯೂ ಬರುತ್ತೆ, ಮಣ್ಣೊಳಗೆ ತೂರಿಯೂ ಬರುತ್ತೆ, ಬರೀ ನೆಲದ ಮೇಲೆ ಕಲ್ಲು ಜೋಡಿಸಿದ್ರೆ ಅಡಿಯಿಂದ ನುಗ್ಗುತ್ತೆ. ಜೇಕನ್ನ ಮಾತ್ರ ಯಾವ ಅಂಚೂ ತಡೆಯಲ್ಲ ಅಕ್ಕಾ, ಅದರ ಗಡ್ಡೆ ಆಳದಲ್ಲಿ ಇರುತ್ತೆ. ಅದನ್ನ ಕೈಯಲ್ಲೇ ಅಗೆದು ತೆಗೀಬೇಕು.

ಕಲ್ಲಿಂದ ಕಲ್ಲಿಗೆ ಎರಡು ಬೆರಳು ಸಂದು ಬಿಟ್ಟು ಜಲ್ಲಿ ತುಂಬಿಸಿ. ಮುಖ್ಯವಾದ್ದು ಇದೇ. ಮಣ್ಣು ನಿಲ್ಲಬೇಕು, ನೀರು ದಾಟಬೇಕು. ಪಾತಿಯ ಇಳಿಜಾರು ರಸ್ತೆಬದಿಯ ಚರಂಡಿ ಕಡೆಗಿರಲಿ. ಇಲ್ಲಾಂದ್ರೆ ನಿಮ್ಮ ಕೆಂಪು ನೀರೆಲ್ಲ ನಮ್ಮ ಬಾವಿಕಟ್ಟೆಗೆ, ನಮ್ಮದು ನಿಮ್ಮ ಪಾತಿಗೆ. ಎರಡೂ ಮನೆಯವರು ಸೇರಿ ಒಂದೇ ದಾರ ಎಳೆದು ಮಟ್ಟ ನೋಡಿದ್ರೆ ಆ ತಾಪತ್ರಯವೇ ಇರಲ್ಲ. ನಮ್ಮ ಬದಿಗೂ ಅಂದೇ ಕಟ್ಟಿಸ್ತೀನಿ. ಹಾರೆ, ಪಿಕಾಸಿ ನಮ್ಮಲ್ಲಿದೆ. ಕಲ್ಲು ಕಡಿಮೆಬಿದ್ರೆ ನಾನು ಕೊಡ್ತೀನಿ.

ಹಾಂ, ನಿಮ್ಮ ನೇರಳೆ ಡೇರೆಯದ್ದು ಒಂದು ಗಡ್ಡೆ ಈ ಸಲ ನನಗೆ ಬೇಕೇಬೇಕು. ಬಿಡಿಸುವಾಗ ಹಳೆ ದಂಟಿನ ಬುಡ ಸ್ವಲ್ಪ ಅಂಟಿಕೊಂಡಿರಲಿ, ಕಣ್ಣು ಒಡೆಯೋದು ಅಲ್ಲಿಂದಲೇ. ಬದಲಿಗೆ ಹಳದಿ ಕೊಡ್ತೀನಿ, ಈಗಾಗ್ಲೇ ಮೊಳಕೆ ಬಂದಿದೆ.