ಸ್ಯಾಂಡಲ್ ಶಾಸ್ತ್ರಿಗಳು

ಇವರನ್ನು ಗುರುತಿಸಲು ಮುಖ ನೋಡಬೇಕಾಗಿಲ್ಲ. ಶುಕ್ರವಾರ ಸಂಜೆ ವೈಟ್‌ಫೀಲ್ಡಿನ ಯಾವುದಾದರೂ ಟೆಕ್ ಪಾರ್ಕಿನ ಗೇಟಿನಲ್ಲಿ ನಿಂತು ತಲೆ ತಗ್ಗಿಸಿದರೆ ಸಾಕು. ನೂರಾರು ಜೊತೆ ಶೂಗಳ ನಡುವೆ ಹತ್ತು ಬೆರಳು ಧಾರಾಳವಾಗಿ ಗಾಳಿ ಕುಡಿಯುತ್ತಾ ಬರುತ್ತವೆ. ಅವುಗಳ ಕೆಳಗೆ ಆರು ಸಾವಿರ ರೂಪಾಯಿಯ ಸ್ಯಾಂಡಲ್ಸು. ಮೇಲೆ ಎಲ್ಲೋ ಐಡಿ ಕಾರ್ಡು, ಬೆನ್ನ ಮೇಲೆ ಲ್ಯಾಪ್‌ಟಾಪಿನ ಜೊತೆಗೇ ತುರುಕಿದ ಸ್ಲೀಪಿಂಗ್ ಬ್ಯಾಗು. ರಾತ್ರಿ ಮಾರತಹಳ್ಳಿಯಿಂದ ಟೆಂಪೋ ಟ್ರಾವೆಲರ್, ಬೆಳಗ್ಗೆ ಕುಕ್ಕೆ, ಅಲ್ಲಿಂದ 1,712 ಮೀಟರ್ ಎತ್ತರದ ಕುಮಾರ ಪರ್ವತ.

ಗಾಡಿ ಹತ್ತಿದ ಕೂಡಲೇ ಇವರು ಹೊಸಬರ ಕಾಲು ನೋಡುತ್ತಾರೆ. ಮೀನಖಂಡದವರೆಗೂ ಲೇಸು ಬಿಗಿದ ಬೂಟು ಕಂಡರೆ, ಐಸಿಯುನಲ್ಲಿರುವ ನೆಂಟರನ್ನು ನೋಡಲು ಬಂದವರ ಹಾಗೆ ಲೊಚಗುಟ್ಟುತ್ತಾರೆ.

“ಪಾಪ, ಶೂನಾ?”

ಪೀಣ್ಯದ ಫ್ಲೈಓವರ್ ಇಳಿಯುವಷ್ಟರಲ್ಲಿ ಪ್ರವಚನ ಶುರು. ಕಾಲಿನ ಮೇಲಿನ ಒಂದು ಕೆಜಿ ಬೆನ್ನ ಮೇಲಿನ ಐದು ಕೆಜಿಗೆ ಸಮ. ಶೂ ನೆನೆದರೆ ಒಣಗಲು ಎರಡು ದಿನ, ಸ್ಯಾಂಡಲ್ಸಿಗೆ ಒಂದು ಬೀಡಿ ಸೇದುವಷ್ಟು ಹೊತ್ತು. (ಇವರು ಬೀಡಿ ಸೇದುವುದಿಲ್ಲ. ಕಾಡಿನ ಮಾತಿಗೆ ಕಾಡಿನ ಅಳತೆ ಇರಲೆಂದು ಹಾಗೆ ಹೇಳುತ್ತಾರೆ.) ನೆಲಮಂಗಲ ದಾಟಿದ ಮೇಲೆ ಇತಿಹಾಸ ಬಿಚ್ಚಿಕೊಳ್ಳುತ್ತದೆ. 1984ರಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನ ನದಿಯಲ್ಲಿ ಪ್ರವಾಸಿಗರಿಗೆ ದಾರಿ ತೋರಿಸುತ್ತಿದ್ದ ಮಾರ್ಕ್ ಥ್ಯಾಚರ್ ಎಂಬಾತ ಹವಾಯಿ ಚಪ್ಪಲಿಗೆ ವೆಲ್ಕ್ರೋ ಪಟ್ಟಿ ಸಿಕ್ಕಿಸಿದ್ದು, ಮೆಕ್ಸಿಕೋದ ರಾರಾಮುರಿ ಜನ ಹಳೇ ಟೈರು ಕತ್ತರಿಸಿ ಮಾಡಿದ ಚಪ್ಪಲಿಯಲ್ಲೇ ಬೆಟ್ಟಗುಡ್ಡ ಓಡುವುದು, ಅವರ ಬಗ್ಗೆ 2009ರಲ್ಲಿ ಬಂದ ಪುಸ್ತಕ ಓದಿ ತಾನು ಶೂ ಬಿಟ್ಟದ್ದು. ಕೊನೆಯದನ್ನು ಸನ್ಯಾಸ ಸ್ವೀಕರಿಸಿದವರ ಧಾಟಿಯಲ್ಲೇ ಹೇಳಬೇಕು. ಸ್ವಂತ ತಾತ ಟೈರ್ ಚಪ್ಪಲಿ ಮೆಟ್ಟಿಕೊಂಡು ಕುಣಿಗಲ್ ಸಂತೆಗೆ ನಡೆಯುತ್ತಿದ್ದರು. ಆದರೆ ತಾತನ ಬಗ್ಗೆ ಯಾರೂ ಇಂಗ್ಲಿಷಿನಲ್ಲಿ ಬರೆದಿಲ್ಲವಲ್ಲ.

“ಸಾರ್, ಇಂಬಳ?” ಎಂದು ಹಿಂದಿನ ಸೀಟಿನಿಂದ ಒಬ್ಬಳು ಕೇಳಿಯೇ ಕೇಳುತ್ತಾಳೆ. ಶಾಸ್ತ್ರಿಗಳು ಕಾಯುತ್ತಿದ್ದದ್ದೂ ಇದಕ್ಕೇ. “ನೋಡಮ್ಮಾ, ಶೂನಲ್ಲಿ ಇಂಬಳ ಹತ್ತೋದಿಲ್ಲ ಅಂತ ಯಾರು ಹೇಳಿದ್ರು? ಲೇಸಿನ ತೂತಲ್ಲಿ ನುಗ್ಗಿ, ಸಾಕ್ಸಿನೊಳಗೆ ಕೂತು, ಹೊಟ್ಟೆ ತುಂಬ ಊಟ ಮಾಡುತ್ತೆ. ನಿನಗೆ ಗೊತ್ತಾಗೋದು ಭಟ್ಟರ ಮನೆಯಲ್ಲಿ ಶೂ ಬಿಚ್ಚಿದಾಗ. ನನಗೆ ಹತ್ತುವಾಗಲೇ ಕಾಣುತ್ತೆ!” ಕಾಣುವುದೇನೋ ನಿಜ. ಅಕ್ಟೋಬರಿನ ಒದ್ದೆ ಕಾಡಿನಲ್ಲಿ ಪ್ರತಿ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಒಂದೊಂದನ್ನೇ ಕಿತ್ತು ಉಪ್ಪು ಹಾಕುತ್ತಾ ಬರುವ ಇವರು ಗಿರಿಗದ್ದೆಯ ಆ ಭಟ್ಟರ ಮನೆ ತಲುಪುವಾಗ ಉಳಿದವರು ಅನ್ನ-ಸಾಂಬಾರು ಮುಗಿಸಿ ಎರಡನೇ ಸಲ ಮಜ್ಜಿಗೆ ಕುಡಿಯುತ್ತಿರುತ್ತಾರೆ.

ಸಣ್ಣ ಕಲ್ಲಿನ ವಿಷಯ ಇವರು ಎತ್ತುವುದಿಲ್ಲ. ಅಂಗಾಲಿನಡಿ ಕಲ್ಲು ಸೇರಿದಾಗಲೆಲ್ಲ ಒಂಟಿ ಕಾಲಲ್ಲಿ ನಿಂತು ಇನ್ನೊಂದನ್ನು ಜಾಡಿಸುತ್ತಾರೆ. ಯಾರಾದರೂ ನೋಡಿದರೆ “ಸ್ಟ್ರೆಚಿಂಗ್” ಅನ್ನುತ್ತಾರೆ.

ಇವರ ಸುವರ್ಣಯುಗ 2022ರ ಸೆಪ್ಟೆಂಬರ್. ಹೊರ ವರ್ತುಲ ರಸ್ತೆ ಕೆರೆಯಾಗಿ, ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದ ವಾರ. ಮ್ಯಾನೇಜರಾದಿಯಾಗಿ ಎಲ್ಲರೂ ಶೂವನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಶಾಸ್ತ್ರಿಗಳು ಮೊಣಕಾಲುದ್ದ ನೀರಿನಲ್ಲಿ ಚಪ್ ಚಪ್ ಎಂದು ನಡೆದು, ಸಮಯಕ್ಕೆ ಸರಿಯಾಗಿ ಕಾರ್ಡು ಒತ್ತಿದರು. ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ.

ಶೋಕಪರ್ವವೂ ಉಂಟು. ಧಾರೆಯ ಮಂಟಪದಲ್ಲಿ ಮಾವನವರು ಅಳಿಯನ ಪಾದ ತೊಳೆಯಲು ತಟ್ಟೆ ಇಟ್ಟರು. ಪಾದದ ಮೇಲೆ ಬಾರು ಇದ್ದಲ್ಲಿ ಬಿಳಿ, ಇಲ್ಲದಲ್ಲಿ ಕಪ್ಪು, ಅಡ್ಡಡ್ಡ ಪಟ್ಟೆ. ಮಾವ ಕೊಳೆಯೆಂದು ತಿಳಿದು ಹೆಬ್ಬೆರಳಲ್ಲಿ ಉಜ್ಜಿದರು, ಇನ್ನೂ ಉಜ್ಜಿದರು. ಕೊನೆಗೆ ಪುರೋಹಿತರೇ “ಮುಹೂರ್ತ ಮೀರುತ್ತೆ, ಸಾಕು ಬಿಡಿ” ಅನ್ನಬೇಕಾಯಿತು.

ಶಿವರಾತ್ರಿಗೆ ಮುಂಚಿನ ವಾರ ಇವರು ಚಾರ್ಮಾಡಿ ಕಡೆ ಹೊರಟರೆ, ದಾರಿಯುದ್ದಕ್ಕೂ ಧರ್ಮಸ್ಥಳದ ಪಾದಯಾತ್ರಿಗಳು. ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಕೆಲವರು ಬರಿಗಾಲು, ಹಲವರು ಹವಾಯಿ. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಪಕ್ಕಕ್ಕೆ ಕುಳಿತ ಯಜಮಾನರ ಚಪ್ಪಲಿಯ ಉಂಗುಷ್ಠ ಕಿತ್ತು, ಅದಕ್ಕೊಂದು ಪಿನ್ನು ಚುಚ್ಚಿತ್ತು. ಪೀಣ್ಯದಲ್ಲಿ ಲೇತ್ ಮೆಷಿನ್ ಕೆಲಸವಂತೆ. ಶಾಸ್ತ್ರಿಗಳಿಗೆ ಮೈಯೆಲ್ಲ ಪುಳಕ.

“ನೀವು ಶೂ ಬಿಟ್ಟು ಎಷ್ಟು ವರ್ಷ ಆಯ್ತು?”

“ಬಿಡೋದೇನ್ ಸಾ, ಡ್ಯೂಟೀಲಿ ದಿನಾ ಸೇಫ್ಟಿ ಶೂನೇ. ವರ್ಷಕ್ಕೊಂದೇ ಜೊತೆ ಕೊಡೋದು. ಇಲ್ಲಿ ಸವೆಸಿಬಿಟ್ರೆ ಸೂಪರ್‌ವೈಸರು ಬುಡ್ತಾನಾ?” ಎಂದು ಯಜಮಾನರು ಬಗ್ಗಿ ನೋಡಿದರು. “ನಿಮ್ದು ಚೆನ್ನಾಗದೆ. ಎಷ್ಟು ಕೊಟ್ರಿ?”

ಶಾಸ್ತ್ರಿಗಳು ನೀರುದೋಸೆ ನುಂಗಿ, ಒಂದು ಸೊನ್ನೆಯನ್ನೂ ಜೊತೆಗೆ ನುಂಗಿದರು.

“ಆರ್ನೂರು.”

“ಟೋಪಿ ಹಾಕವ್ನೆ ಸಾ ನಿಮ್ಗೆ” ಅಂದರು ಯಜಮಾನರು, ಕಾಫಿ ಲೋಟ ಕೆಳಗಿಡುತ್ತಾ.